ಚಿಕ್ಕಪ್ಪನ ಅಮೇರಿಕ: ಹೇಸ್‌ನಿಂದ ಚಿಂಗ್‌ಫರ್ಡ್‌ವರೆಗೆ

ಸುಮ್ಮನೆ ಹೋಗಿ ಸುಮ್ಮನೆ ಬಂದೆವು ಅನ್ನುವಂಥ ಪ್ರಯಾಣ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇದುವರೆಗೆ ನಡೆದಿಲ್ಲ. ಮೂಲೆಯಂಗಡಿಗೆ ಹಾಲು ತರಲು ಹೋದವರೂ ಒಂದು ಕಥೆ ತಂದೇ ತರುತ್ತಾರೆ, ಕೆಲವು ಸಲ ಹಾಲನ್ನು ಅಲ್ಲೇ ಬಿಟ್ಟು. ನಾನು ಕೆಲಸ ಸಿಕ್ಕಿ ಬೆಂಗಳೂರಿನಿಂದ ಬಂದು ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿರುವ ಈ ಮನೆಯ ಮೇಲಿನ ಸಣ್ಣ ರೂಮು ಹಿಡಿದಿದ್ದೇನೆ. ಚಿಕ್ಕಮ್ಮ ನನ್ನ ಅಮ್ಮನ ಸ್ವಂತ ತಂಗಿ. ಈ ಮನೆಯಲ್ಲಿ ಮಾತಾಡುವವರಿಗೆ ಬರವಿಲ್ಲದ್ದರಿಂದ ನನಗೆ ಸುಮ್ಮನೆ ಕೂತು ನೋಡುವ ಕೆಲಸ ಸಿಕ್ಕಿದೆ. ಒಂದು ಬೇಸಿಗೆಯ ಶನಿವಾರ, ಭಾನುವಾರ ನಾನು ನೋಡಿದ್ದು ಇಷ್ಟು.

ಅಮೇರಿಕವೇ ಬಂತು

ಚಿಕ್ಕಪ್ಪ ಟೂಟಿಂಗ್‌ನ ಒಂದು ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ಊರು ಕುಂದಾಪುರ. ದಿನವಿಡೀ ಕಾವಲಿಯ ಮುಂದೆ ನಿಂತು ಮನೆಗೆ ಬಂದ ಮೇಲೆ ಅವರಿಗಿರುವ ಒಂದೇ ಚಟ ಅಂದರೆ ಫೋನಿನಲ್ಲಿ ಅಮೇರಿಕದ ವಿಡಿಯೋ ನೋಡುವುದು. ಅದರಲ್ಲಿ ನಿವೃತ್ತರಾದ ಗಂಡ ಹೆಂಡತಿ ಬಸ್ಸಿನಷ್ಟು ದೊಡ್ಡ ಆರ್‌ವಿ ಓಡಿಸಿಕೊಂಡು ಊರಿಂದೂರಿಗೆ ಹೋಗುತ್ತಾರೆ, ಊರಿಗೊಂದು ಬೇಸ್‌ಬಾಲ್ ಸ್ಟೇಡಿಯಂ ನೋಡುತ್ತಾರೆ. ಆರ್‌ವಿ ಎಂದರೆ ಗಾಲಿಯ ಮೇಲಿನ ಮನೆ: ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ. ಚಿಕ್ಕಪ್ಪನಿಗೆ ಬೇಸ್‌ಬಾಲ್ ಏನೆಂದು ಆಗ ಗೊತ್ತಿರಲಿಲ್ಲ. ಅವರು ಮನಸೋತದ್ದು ಬೇರೆಯದಕ್ಕೆ. "ಕಾಣ್, ಅಡುಗೆಮನೆ ಓಡ್ತಿತ್ತ್, ಅಡುಗೆಯವ ಆರಾಮ ಕೂತಿದ್ದ!" ಎಂದು ನನಗೆ ತೋರಿಸಿದ್ದರು.

ಅಮೇರಿಕಕ್ಕೆ ಹೋಗುವಷ್ಟು ರಜೆ ಹೋಟೆಲಿನವರು ಯಾವತ್ತೂ ಕೊಡಲಿಲ್ಲ. ಹಾಗಿರುವಾಗ ಅಮೇರಿಕದ ಎರಡು ದೊಡ್ಡ ತಂಡಗಳು ಪೂರ್ವ ಲಂಡನ್ನಿನ ಸ್ಟೇಡಿಯಂಗೇ ಬಂದು ಆಡುತ್ತವೆಂಬ ಸುದ್ದಿ ಬಂತು. ಚಿಕ್ಕಪ್ಪ ಟಿಕೆಟ್ಟನ್ನೂ ತೆಗೆದರು, ಎರಡು ದಿನಕ್ಕೆ ಒಂದು ಮೋಟರ್‌ಹೋಮನ್ನೂ, ಅಂದರೆ ಇಲ್ಲಿಯ ಆರ್‌ವಿಯನ್ನೂ, ಬಾಡಿಗೆಗೆ ಹೇಳಿದರು. ಶನಿವಾರ ಚಿಂಗ್‌ಫರ್ಡ್ ಹತ್ತಿರದ ಕ್ಯಾಂಪ್‌ಸೈಟಿನಲ್ಲಿ ಬಿಡಾರ, ಭಾನುವಾರ ಆಟ.

"ಇಲ್ಲಿಂದ ಎಲಿಜಬೆತ್ ಲೈನ್ ಹತ್ತಿದ್ರೆ ಒಂದು ಜೋಂಪು ಮುಗಿಯುದ್ರೊಳಗೆ ಸ್ಟೇಡಿಯಂ ಬತ್ತ್ ಮರ್ರೆ" ಎಂದರು ಚಿಕ್ಕಮ್ಮ.

"ಟ್ರೇನಲ್ಲಿ ಹೋದ್ರೆ ಅದು ರೋಡ್ ಟ್ರಿಪ್ ಆತ್ತಾ?" ಎಂದರು ಚಿಕ್ಕಪ್ಪ.

ಆದರೆ ಈ ಆಟದ ಮೇಲೆ ನಿಜವಾಗಿ ಪ್ರಾಣವಿಟ್ಟವಳು ಅವರ ಮಗಳು ಪುಟ್ಟಿ. ಹೊಸ ಸೆಕೆಂಡರಿ ಶಾಲೆಗೆ ಸೇರಿ ವರ್ಷವಾಗುತ್ತ ಬಂದಿದ್ದರೂ ಅವಳು ಇನ್ನೂ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು. ಅಲ್ಲಿ ಹುಡುಗಿಯರು ರೌಂಡರ್ಸ್ ಆಡುತ್ತಾರೆ. ಗಿಡ್ಡ ಬ್ಯಾಟಿನಲ್ಲಿ ಹೊಡೆದು ನಾಲ್ಕು ಕಂಬ ಸುತ್ತಿ ಓಡುವ ಆಟ, ಬೇಸ್‌ಬಾಲಿನ ತಂಗಿ ಅನ್ನಬಹುದು. ಆ ಗುಂಪಿನ ಹುಡುಗಿಯರಿಗೆ ಇವಳು, "ನಿಜವಾದ ಬೇಸ್‌ಬಾಲ್ ತರ್ತೀನಿ, ಎಲ್ಲರೂ ಅದರಲ್ಲಿ ಆಡೋಣ" ಎಂದುಬಿಟ್ಟಿದ್ದಳು. ಅವರು ನಕ್ಕರಂತೆ. ಅಂಗಡಿಯ ಚೆಂಡು ಸಾಲದು, ಆಟದಲ್ಲಿ ಹೊಡೆದ ಚೆಂಡೇ ಬೇಕು. ಈ ಆಟದಲ್ಲಿ ಜನರ ನಡುವೆ ಬಿದ್ದ ಚೆಂಡು ಹಿಡಿದವರಿಗೇ ಸೇರಿದ್ದು ಎಂಬುದನ್ನು ಕಂಡುಹಿಡಿದವಳೂ ಅವಳೇ.

"ವಾಪಸ್ ಕೊಡುದೇ ಬೇಡ್ವಾ?" ಎಂದು ಚಿಕ್ಕಮ್ಮ ಬೆರಗಾದರು. "ಹಾಂಗಾದ್ರೆ ಅವ್ರು ಆಟ ಮುಗಿಸುದು ಹ್ಯಾಂಗೆ? ಚೆಂಡು ಕೇಳ್ಕಂಡು ಮನೆಮನೆಗೆ ಬಪ್ಪುದಾ?"

ಬೀಳ್ಕೊಡುಗೆ

ಶನಿವಾರ ಬೆಳಿಗ್ಗೆ ಮೋಟರ್‌ಹೋಮ್ ನಮ್ಮ ಬೀದಿಗೆ ಬಂದು ಮೂರು ಮನೆಗಳ ಬೆಳಕನ್ನು ಒಟ್ಟಿಗೆ ಮುಚ್ಚಿ ನಿಂತಿತು. ಚಿಕ್ಕಮ್ಮ ಅದಕ್ಕೆ ಕುಂಕುಮ ಹಚ್ಚಿ, ಆರತಿ ಎತ್ತಿ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟರು. ಆಮೇಲೆ ಕುಕ್ಕರು, ಕಾವಲಿ, ಅಕ್ಕಿಚೀಲ, ದಿಂಬು, ಚಾಪೆ, ದೇವರ ಪಟ ಒಂದೊಂದಾಗಿ ಒಳಗೆ ಹೋದವು. ಎರಡು ದಿನಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಚಿಕ್ಕಪ್ಪ ತೆಂಗಿನಕಾಯಿ ಒಡೆಯುವ ಹೊತ್ತಿಗೆ ಒಂದು ಡಬ್ಬಿಯಲ್ಲಿ ಕೇಕು ಹಿಡಿದು ಹೊರಗೆ ಬಂದರು. ಕಣ್ಣು ಒದ್ದೆಯಾಗಿತ್ತು. "ಹೋಗ್ತೀರಿ ಅಂತ ಒಂದು ಮಾತೂ ಹೇಳಲಿಲ್ಲವಲ್ಲ! ನಿಮ್ಮಂಥ ನೆರೆಹೊರೆ ಇನ್ನು ನನಗೆಲ್ಲಿ ಸಿಗಬೇಕು?" ಎಂದು ಚಿಕ್ಕಮ್ಮನನ್ನು ತಬ್ಬಿಕೊಂಡರು. ಮನೆ ಖಾಲಿ ಮಾಡುತ್ತಿದ್ದೇವೆಂದು ತಿಳಿದಿದ್ದರು.

ಚಿಕ್ಕಮ್ಮನಿಗೆ ಇಂಗ್ಲಿಷು ಬರುತ್ತದೆ. ಆದರೆ ಅಳುತ್ತಿರುವವರಿಗೆ "ನೀವು ತಪ್ಪು ತಿಳ್ಕೊಂಡ್ರಿ" ಎನ್ನುವುದು ಅವರಿಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. ತಾವೂ ಕಣ್ಣೊರೆಸಿಕೊಂಡರು. "ಎಲ್ಲಿಗೆ ಹೋಗ್ತಿದ್ದೀರಿ?" ಎಂದು ಅಜ್ಜಿ ಕೇಳಿದರು. "ಚಿಂಗ್‌ಫರ್ಡಿಗೆ" ಎಂದರು ಚಿಕ್ಕಮ್ಮ. ಅದು ನಿಜವೇ.

ಗಾಡಿ ಹೊರಟಿತು. ಅಜ್ಜಿ ಬೀದಿ ಕೊನೆಯವರೆಗೂ ಕೈ ಬೀಸುತ್ತಿದ್ದರು.

"ನಾಳೆ ವಾಪಸ್ ಬಂದು ಬಾಗಿಲು ತೆಗೆವಾಗ ಎಂತ ಹೇಳ್ತೆ?" ಎಂದು ಚಿಕ್ಕಪ್ಪ ಕೇಳಿದರು.

ಚಿಕ್ಕಮ್ಮ ಕೇಕಿನ ಮುಚ್ಚಳ ತೆಗೆಯುತ್ತ ಹೇಳಿದರು: "ಚಿಂಗ್‌ಫರ್ಡಿನ ನೀರು ಒಗ್ಗಲಿಲ್ಲ ಅಂಬ."

ಪ್ರದಕ್ಷಿಣೆ

ಚಿಕ್ಕಪ್ಪ ಗಾಡಿ ಓಡಿಸುವುದನ್ನು ನೋಡಬೇಕು. ಸಾರಿನ ಪಾತ್ರೆಯನ್ನು ತುಳುಕದಂತೆ ಒಯ್ಯುವವರ ಹಾಗೆ ಓಡಿಸುತ್ತಾರೆ. ಅಷ್ಟು ಉದ್ದದ ವಾಹನ, ಮೊದಲ ಸಲ, ಅದರಲ್ಲೂ ಸದಾ ಗಿಜಿಗುಡುವ ನಾರ್ತ್ ಸರ್ಕ್ಯುಲರ್ ರಸ್ತೆ. ಆದರೂ ಕಪಾಟಿನ ಒಂದು ಲೋಟವೂ ಅಲುಗಲಿಲ್ಲ. ಸೇತುವೆ ಬಂದಾಗ ಮಾತ್ರ ನಾವು ನಾಲ್ವರೂ ತಲೆ ತಗ್ಗಿಸುತ್ತಿದ್ದೆವು, ಅದರಿಂದ ಗಾಡಿಯ ಎತ್ತರ ಕಮ್ಮಿಯಾಗುತ್ತದೆ ಅನ್ನುವ ಹಾಗೆ.

ತೊಂದರೆಯಾದದ್ದು ಒಂದು ದೊಡ್ಡ ರೌಂಡಬೌಟಿನಲ್ಲಿ. ಒಳಗಿನ ಲೇನಿಗೆ ಸೇರಿದ ಚಿಕ್ಕಪ್ಪನಿಗೆ ಹೊರಗೆ ಬರಲು ಆಗಲಿಲ್ಲ. ಪಕ್ಕದಲ್ಲಿ ಬರುವ ಪ್ರತಿ ಕಾರಿಗೂ "ನೀವು ಮೊದಲು ಹೋಗಿ" ಎಂದು ಕೈ ತೋರಿಸುವುದು ಅವರ ಸ್ವಭಾವ. ಕಾರಿನವರೂ ಥ್ಯಾಂಕ್ಸ್ ಎಂದು ಕೈ ಎತ್ತಿ ಹೋಗುವರು. ಹೀಗೆ ಮರ್ಯಾದೆ ಕೊಟ್ಟು ತೆಗೆದುಕೊಳ್ಳುತ್ತಲೇ ನಮ್ಮ ಗಾಡಿ ಸುತ್ತುತ್ತಿತ್ತು. ಅದೇ ಪಬ್ಬು, ಅದೇ ಪೆಟ್ರೋಲ್ ಬಂಕು, ಮತ್ತೆ ಅದೇ ಪಬ್ಬು. ಪಬ್ಬಿನ ಹೊರಗೆ ಕೂತಿದ್ದ ಮುದುಕರು ನಮಗೆ ಗ್ಲಾಸು ಎತ್ತಿ ತೋರಿಸಲು ಶುರುಮಾಡಿದರು.

ಪುಟ್ಟಿ, "ಡ್ಯಾಡ್, ಜಸ್ಟ್ ಗೋ!" ಎಂದು ಕೂಗಿದಳು. ಚಿಕ್ಕಮ್ಮ ಹಿಂದಿನ ಸೀಟಿನಿಂದ ಶಾಂತವಾಗಿ ಹೇಳಿದರು: "ಪ್ರದಕ್ಷಿಣೆ ಸಾಕಷ್ಟಾಯ್ತ್ ಮರ್ರೆ. ಇನ್ನು ಪ್ರಸಾದ ತಗಂಡು ಹೋಪ."

ಕ್ಯೂ

ಕ್ಯಾಂಪ್‌ಸೈಟು ಚೆಂದವಿತ್ತು. ಕಾಡಿನ ಅಂಚು, ಹಸಿರು ಹುಲ್ಲು, ಒಂದರ ಪಕ್ಕ ಒಂದು ಬಿಳಿ ಗಾಡಿಗಳು. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಕುರ್ಚಿ ಹಾಕಿಕೊಂಡು ಹೊರಗೆ ಕೂತರು. ವಿಡಿಯೋದ ಅಮೇರಿಕದವರ ಹಾಗೆಯೇ ಕಾಲಮೇಲೆ ಕಾಲು ಹಾಕಿದರು. ಸ್ವಲ್ಪ ಹೊತ್ತು ಕಳೆಯಿತು. ಕೈ ಕೆರೆಯಲು ಶುರುವಾಯಿತು. ಎದ್ದು ಒಳಗೆ ಹೋಗಿ ಒಲೆ ಹಚ್ಚಿದರು.

ನೀರುದೋಸೆಯ ಘಮ ಹೊರಟಿತು. ಗಾಡಿಯ ಪಕ್ಕದ ಕಿಟಕಿ ತೆರೆದಿತ್ತು, ಮೇಲೆ ಬಿಸಿಲಿನ ಪರದೆ ಚಾಚಿತ್ತು, ಥೇಟ್ ತಿಂಡಿ ಮಾರುವ ಗಾಡಿಯ ಹಾಗೆ. ನಾಯಿ ಹಿಡಿದು ಬಂದವರೊಬ್ಬರು ಕಿಟಕಿಯ ಮುಂದೆ ನಿಂತು, "ಇವತ್ತೇನಿದೆ?" ಎಂದರು. ಚಿಕ್ಕಪ್ಪ ಕುಶಲ ವಿಚಾರಿಸಿದರೆಂದುಕೊಂಡು ಒಂದು ದೋಸೆ ಮಡಚಿ ಚಟ್ನಿ ಹಾಕಿ ಕೊಟ್ಟರು. ಇಂಗ್ಲೆಂಡಿನಲ್ಲಿ ಒಬ್ಬರು ನಿಂತರೆ ಅವರ ಹಿಂದೆ ಇನ್ನೊಬ್ಬರು ನಿಲ್ಲುತ್ತಾರೆ, ಇದಕ್ಕೆ ಕಾರಣ ಬೇಕಿಲ್ಲ. ಚಿಕ್ಕಮ್ಮ ತಲೆಸ್ನಾನ ಮುಗಿಸಿ ಬರುವಷ್ಟರಲ್ಲಿ ಕ್ಯೂ ಮೂರು ಗಾಡಿ ದಾಟಿ ಮರದವರೆಗೆ ಹೋಗಿತ್ತು. ಪೈಜಾಮದವರು, ಬೂಟಿನವರು, ಹಲ್ಲುಜ್ಜುತ್ತಲೇ ನಿಂತವರು.

"ಇವ್ರೆಲ್ಲ ಯಾರು?" ಎಂದರು ಚಿಕ್ಕಮ್ಮ.

"ಗೊತ್ತಿಲ್ಲೆ. ನೀನು ಸ್ವಲ್ಪ ಕಾಯಿ ತುರಿ" ಎಂದರು ಚಿಕ್ಕಪ್ಪ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹೋಟೆಲಿನಲ್ಲೂ ಕಂಡಿರಲಿಲ್ಲ. ಹಣ ಕೊಡಲು ಬಂದವರಿಗೆಲ್ಲ ಕೈಮುಗಿದರು. ಕ್ಯೂವಿನಲ್ಲಿ ಕೊನೆಗೆ ನಿಂತಿದ್ದ ದೊಡ್ಡ ಮನುಷ್ಯರೊಬ್ಬರು ತಾಳ್ಮೆಯಿಂದ ಮುಂದೆ ಬಂದು, ದೋಸೆ ತಿಂದು, ಇನ್ನೊಂದು ಹಾಕಿಸಿಕೊಂಡು, ಅದನ್ನೂ ತಿಂದು, ತುಂಬ ಚೆನ್ನಾಗಿದೆ ಎಂದು ಹೊಗಳಿ, ಆಮೇಲೆ ಸಂಕೋಚದಿಂದ ತಗ್ಗಿದ ದನಿಯಲ್ಲಿ ಕೇಳಿದರು: "ಕ್ಷಮಿಸಿ, ಇದು ಟಾಯ್ಲೆಟ್ಟಿನ ಕ್ಯೂ ಅಲ್ಲವಾ?"

ಸಂಧ್ಯಾವಂದನೆ

ಸ್ಟೇಡಿಯಂ ಹತ್ತಿರ ಮೋಟರ್‌ಹೋಮ್ ನಿಲ್ಲಿಸಲು ಜಾಗವೇ ಇಲ್ಲವೆಂದು ಕ್ಯಾಂಪ್‌ಸೈಟಿನವರು ಹೇಳಿದರು. ಹಾಗಾಗಿ ಚಿಕ್ಕಪ್ಪನ ರೋಡ್ ಟ್ರಿಪ್ಪಿನ ಕೊನೆಯ ಭಾಗ ಟ್ರೇನಿನಲ್ಲೇ ಆಯಿತು. ದಾರಿಯುದ್ದಕ್ಕೂ ಚಿಕ್ಕಮ್ಮ ಒಂದು ಮಾತೂ ಆಡದೆ ಕಿಟಕಿ ನೋಡುತ್ತ ನಗುತ್ತಿದ್ದರು. ಚಿಕ್ಕಪ್ಪ ತಡೆಯಲಾರದೆ, "ಎಂತ ಇತ್ತೋ ಹೇಳಿಬಿಡ್" ಎಂದರು.

ಸ್ಟೇಡಿಯಂನೊಳಗೆ ಕಾಲಿಟ್ಟೆವು. ಅಷ್ಟು ದೊಡ್ಡ ಬಟ್ಟಲು, ಅದರ ತಳದಲ್ಲಿ ಇಸ್ತ್ರಿ ಮಾಡಿದಂಥ ಹಸಿರು, ನಡುವೆ ಕೆಂಪು ಮಣ್ಣಿನ ಚೌಕ. ಬ್ಯಾಂಡು, ಬಾವುಟ, ಒಂದೇ ಬಣ್ಣದ ಅಂಗಿ ತೊಟ್ಟ ಸಂಸಾರಗಳು. ಅಮೇರಿಕದವರು ಗುರುತಿಲ್ಲದವರನ್ನೂ ಬಾಯ್ತುಂಬ ಮಾತಾಡಿಸುತ್ತಿದ್ದರು. ಲಂಡನ್ನಿನ ಟ್ಯೂಬ್ ಟ್ರೇನಿನಲ್ಲಿ ಕಣ್ಣು ತಪ್ಪಿಸಿ ಕೂರುವುದನ್ನು ಕಲಿತ ನನಗೆ ಮೊದಮೊದಲು ಗಾಬರಿಯಾಯಿತು, ಆಮೇಲೆ ಹಿತವೆನಿಸಿತು.

ಪುಟ್ಟಿಯ ಮುಖ ಮಾತ್ರ ಇಳಿದಿತ್ತು. ನಮ್ಮ ಸೀಟು ಎಲ್ಲಕ್ಕಿಂತ ಮೇಲೆ, ಛಾವಣಿಯ ಅಡಿ. ಆಟಗಾರರು ಸಾಸಿವೆ ಕಾಳಿನ ಹಾಗೆ ಕಾಣುತ್ತಿದ್ದರು. "ಇಲ್ಲಿಗೆ ಬಾಲ್ ಬರೋದೇ ಇಲ್ಲ" ಎಂದಳು. ಚಿಕ್ಕಪ್ಪ ಸಮಾಧಾನಕ್ಕೆ, "ಗಾಳಿ ಬಂದ್ರೆ ಬಕ್ಕು" ಎಂದರು. ಅದನ್ನು ಅವರೂ ನಂಬಲಿಲ್ಲ.

ಆಟ ಶುರುವಾಯಿತು. ಓಡುವವರು ಮುಟ್ಟಬೇಕಾದ ಮೂರನೇ ಬೇಸಿನ ಹತ್ತಿರ ನಿಂತ ಕೋಚು ಬ್ಯಾಟ್ಸ್‌ಮನ್‌ಗೆ ಗುಟ್ಟಿನ ಸನ್ನೆ ಮಾಡುತ್ತಾರೆ, ದೊಡ್ಡ ಪರದೆಯಲ್ಲಿ ಅವರನ್ನು ತೋರಿಸಿದರು. ಮೂಗು ಮುಟ್ಟಿದರು, ಒಂದು ಕಿವಿ, ಇನ್ನೊಂದು ಕಿವಿ, ಎದೆ, ಎಡ ಭುಜ, ಬಲ ಭುಜ, ನೆತ್ತಿ. ಚಿಕ್ಕಪ್ಪ ಕುರ್ಚಿಯ ತುದಿಗೆ ಬಂದರು.

"ಕಾಣ್ ಕಾಣ್! ಪ್ರಾಣಾಯಾಮ ಆಯ್ತ್, ಈಗ ಅಂಗನ್ಯಾಸ."

"ಅಮೇರಿಕದಂವ ಎಷ್ಟು ಶ್ರದ್ಧೆಯಿಂದ ಸಂಧ್ಯಾವಂದನೆ ಮಾಡ್ತ" ಎಂದರು ಚಿಕ್ಕಮ್ಮ, ಗಂಡನ ಕಡೆ ಒಂದು ನೋಟ ಹರಿಸಿ. "ನಿಮ್ದು ಹಲ್ಲುಜ್ಜುವಷ್ಟ್ರಲ್ಲಿ ಮುಗೀತಿತ್ತ್."

ಕೋಚು ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು, ಮತ್ತೆ ಮೂಗಿನಿಂದ ಶುರುಮಾಡಿದರು.

ಚಿಕ್ಕಪ್ಪ ಕನಿಕರದಿಂದ ಹೇಳಿದರು: "ಪಾಪ, ಮಧ್ಯದಲ್ಲಿ ಮಂತ್ರ ಮರ್ತ್‌ಹೋಯ್ತ್."

ಚೆಂಡು

ಏಳನೆಯ ಸುತ್ತಿನ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ಕೂತು ಕೂತು ಮರಗಟ್ಟಿದ ಕಾಲು ಚಾಚಲು ಆ ಆಟದಲ್ಲಿ ಹಾಗೊಂದು ಪದ್ಧತಿಯಿದೆ. ನಮಗೆ ಗೊತ್ತಿರಲಿಲ್ಲ. ಎಲ್ಲರೂ ನಿಂತು ಹಾಡಿದರೆ ಕಾರ್ಯಕ್ರಮ ಮುಗಿಯಿತು ಎನ್ನುವುದು ಶಾಲೆಯಲ್ಲಿ ಕಲಿತ ಪಾಠ. ಚಿಕ್ಕಮ್ಮ ಚೀಲ, ನೀರಿನ ಬಾಟಲಿ, ಪುಟ್ಟಿಯ ಕೋಟು ಎತ್ತಿಕೊಂಡು, "ಹೋಪ, ಬೇಗ, ಆಮೇಲೆ ಟ್ರೇನಲ್ಲಿ ಕಾಲಿಡುಕೆ ಆತಿಲ್ಲ" ಎಂದು ಹೊರಟೇಬಿಟ್ಟರು. ಪುಟ್ಟಿ ಸದ್ದಿಲ್ಲದೆ ಅಳುತ್ತ ಹಿಂಬಾಲಿಸಿದಳು.

ಮೆಟ್ಟಿಲು ಇಳಿದಿಳಿದು ಕೆಳಗಿನ ಹಂತಕ್ಕೆ ಬಂದಾಗ ಒಳಗಿನಿಂದ ದೊಡ್ಡ ಗದ್ದಲ ಕೇಳಿಸಿತು. ಆಟ ಇನ್ನೂ ನಡೆಯುತ್ತಿದೆ! ಅಲ್ಲಿ ಜನರಿಗೆ ದಾರಿ ತೋರಿಸುತ್ತಿದ್ದ ಸ್ಟೀವರ್ಡ್ ಹೆಂಗಸು ಪುಟ್ಟಿಯ ಮುಖ ನೋಡಿ, ಏನಾಯಿತೆಂದು ಕೇಳಿದರು. ಪುಟ್ಟಿ ಬಿಕ್ಕುತ್ತ, "ನಾವು ಮುಗೀತು ಅಂದ್ಕೊಂಡು ಬಂದ್ವಿ, ಆದ್ರೆ ಮುಗಿದಿಲ್ಲ, ನಂಗೆ ಬಾಲ್ ಸಿಗ್ಲಿಲ್ಲ" ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಆ ಹೆಂಗಸು ಆಚೆ ಈಚೆ ನೋಡಿ, ಮುಂದಿನ ಸಾಲುಗಳ ಕಡೆ ಬೆರಳು ತೋರಿಸಿದರು. "ಅಲ್ಲೊಂದು ಸಂಸಾರ ಹಸುಗೂಸು ಅತ್ತಿತೆಂದು ಮನೆಗೆ ಹೋಯಿತು, ಡಾರ್ಲಿಂಗ್. ನಾಲ್ಕು ಸೀಟು ಖಾಲಿ. ಹೋಗಿ ಕೂತ್ಕೊಳ್ಳಿ, ಗಲಾಟೆ ಮಾಡಬೇಡಿ."

ಚೆಂಡು ಬಂದು ಬೀಳುವ ಗೋಡೆಯ ಪಕ್ಕದಲ್ಲೇ ನಾವು ಕೂತೆವು. ಸುತ್ತ ಒಂದೇ ತಂಡದ ಅಮೇರಿಕದ ಅಭಿಮಾನಿಗಳು. ಚಿಕ್ಕಪ್ಪ ಎಲ್ಲರಿಗೂ ಪಾಠ ಒಪ್ಪಿಸಿದರು: "ಬಂದ್ರೆ ಹಿಡೀಕ್. ಹಿಡಿದ್ರೆ ಬಿಡುಕಾಗ. ತಿಳೀತಾ?" ತಿಳಿಯಿತು ಎಂದು ಮೂವರೂ ತಲೆಯಾಡಿಸಿದೆವು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಚಿಕ್ಕಮ್ಮ.

ಎದುರಾಳಿ ತಂಡದ ಒಬ್ಬ ಬೀಸಿ ಹೊಡೆದ. ಚೆಂಡು ಏರಿತು, ಬಿಳಿ ಚುಕ್ಕೆಯಾಯಿತು, ನಮ್ಮ ಕಡೆಗೇ ದೊಡ್ಡದಾಗುತ್ತ ಬಂತು. ಎಲ್ಲರೂ ಎದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದ ಖಾಲಿ ಕುರ್ಚಿಗೆ ಟಪ್ಪೆಂದು ಬಡಿದ ಸದ್ದು. ಕಣ್ಣು ತೆರೆದರೆ ಪುಟಿದ ಚೆಂಡು ಚಿಕ್ಕಮ್ಮನ ಎರಡೂ ಅಂಗೈಗಳ ನಡುವೆ, ತಾವರೆ ಮೊಗ್ಗಿನ ಹಾಗೆ.

"ಮಮ್!" ಎಂದು ಪುಟ್ಟಿ ಕಿರುಚಿದಳು, ಸಂತೋಷದಿಂದ.

ಚಿಕ್ಕಮ್ಮ ಕುಂದಾಪುರದ ಕಾಲೇಜಿನಲ್ಲಿ ಥ್ರೋಬಾಲ್ ಕ್ಯಾಪ್ಟನ್ ಆಗಿದ್ದವರು. ಆ ಆಟದಲ್ಲಿ ಹಿಡಿದ ಚೆಂಡನ್ನು ಕೈಯಲ್ಲಿ ಇಟ್ಟುಕೊಂಡರೆ ಫೌಲು. ಹಿಡಿದ ಕೂಡಲೇ ಆಚೆಗೆ ಎಸೆಯಬೇಕು. ತಲೆ ತಿಳಿದುಕೊಂಡದ್ದನ್ನು ಕೈ ಕೇಳಬೇಕಲ್ಲ. ಒಂದು ಹೆಜ್ಜೆ ಮುಂದಿಟ್ಟು, ಭುಜ ತಿರುಗಿಸಿ, ಎಸೆದರು. ಅದೆಂಥ ಎಸೆತ! ಚೆಂಡು ಬಾಣದಂತೆ ಹೋಗಿ ಮೈದಾನದಲ್ಲಿದ್ದ ಆಟಗಾರನ ಕಾಲಬಳಿ ಬಿತ್ತು. ಅವನು ತಿರುಗಿ ನೋಡಿ ಟೋಪಿ ಮುಟ್ಟಿದ.

ಪುಟ್ಟಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಚಿಕ್ಕಮ್ಮ ತಮ್ಮ ಖಾಲಿ ಕೈ ನೋಡಿಕೊಂಡು, "ಅಯ್ಯೋ ದೇವ್ರೇ" ಎಂದರು.

ಆದರೆ ಸುತ್ತಲಿನ ಅಮೇರಿಕವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು! ಎದುರಾಳಿ ಹೊಡೆದ ಹೋಮ್ ರನ್ ಚೆಂಡು, ಅಂದರೆ ಕ್ರಿಕೆಟ್ಟಿನ ಸಿಕ್ಸರಿನಂತೆ ಮೈದಾನ ದಾಟಿ ಬಂದದ್ದು, ಕೈಗೆ ಬಂದರೆ ಮೈಲಿಗೆಯೆಂಬಂತೆ ವಾಪಸ್ ಎಸೆಯುವುದು ಪರಮಭಕ್ತರ ಲಕ್ಷಣವಂತೆ. ಯಾರೂ ಸುಲಭಕ್ಕೆ ಮಾಡದ ತ್ಯಾಗ ಅದು. ಸೀರೆಯ ಮೇಲೆ ಸ್ವೆಟರ್ ಹಾಕಿದ ಈ ಹೆಂಗಸು ತಮ್ಮ ತಂಡಕ್ಕಾಗಿ ಅದನ್ನು ಮಾಡಿದರಲ್ಲ ಎಂದು ಅವರಿಗೆ ರೋಮಾಂಚನ. ಮುಂದಿನ ಸಾಲಿನ ಬಿಳಿಗಡ್ಡದವರೊಬ್ಬರು ತಿರುಗಿ, ಟೋಪಿ ತೆಗೆದು ಎದೆಗಿಟ್ಟುಕೊಂಡು, "ಮ್ಯಾಡಮ್, ಇಷ್ಟು ವರ್ಷ ಆಟ ನೋಡಿದ್ದೇನೆ, ನಿಮ್ಮಂಥವರನ್ನು ನೋಡಿಲ್ಲ" ಎಂದರು. ಜೇಬಿನಿಂದ ಚೆಂಡೊಂದನ್ನು ತೆಗೆದರು. ಆಟದ ಎರಡನೇ ಸುತ್ತಿನಲ್ಲಿ ಅವರದೇ ತಂಡದವನು ಹೊಡೆದದ್ದು, ಇವರು ಹಿಡಿದದ್ದು, ಮೇಲೆ ಇನ್ನೂ ಕೆಂಪು ಮಣ್ಣಿತ್ತು. "ಇದು ನಿಮ್ಮ ಬಳಿಯೇ ಇರಬೇಕು" ಎಂದು ಚಿಕ್ಕಮ್ಮನ ಅಂಗೈಗಳ ಮೇಲಿಟ್ಟರು.

ಚೆಂಡು ಮತ್ತೆ ಆ ಕೈಗಳಿಗೇ ಬಂದಿತ್ತು. ಚಿಕ್ಕಮ್ಮನ ಬಲ ಭುಜ ಒಂದು ಕೂದಲೆಳೆಯಷ್ಟು ಹಿಂದೆ ಸರಿದದ್ದನ್ನು ನಾನು ನೋಡಿದೆ. ಚಿಕ್ಕಪ್ಪನೂ ನೋಡಿದರು. ಮದುವೆಯ ಫೋಟೋದಲ್ಲೂ ಹೆಂಡತಿಯಿಂದ ಒಂದು ಮೊಳ ದೂರ ನಿಂತ ಮನುಷ್ಯ, ಹಾರಿ ಬಂದು ಅವರ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಿಂದ ಬಲವಾಗಿ ಹಿಡಿದುಕೊಂಡರು.

ಅದೇ ಗಳಿಗೆಗೆ ಸ್ಟೇಡಿಯಂ ತುಂಬ "ಓಓಓ" ಎಂಬ ಕೂಗು ಎದ್ದಿತು. ತಲೆಯೆತ್ತಿದರೆ ದೊಡ್ಡ ಪರದೆಯ ಮೇಲೆ ಗುಲಾಬಿ ಬಣ್ಣದ ಹೃದಯ, ಅದರ ನಡುವೆ ಕೈ ಕೈ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನಿಂತ ನಮ್ಮ ಚಿಕ್ಕಪ್ಪ ಚಿಕ್ಕಮ್ಮ. ಜನರ ನಡುವೆ ಜೋಡಿಗಳನ್ನು ಹುಡುಕಿ ತೋರಿಸಿ, ಮುತ್ತು ಕೊಡಿ ಎಂದು ಕೂಗುವುದೂ ಆ ಆಟದ ಇನ್ನೊಂದು ಪದ್ಧತಿ. ಎಲ್ಲರೂ ಕೂಗುತ್ತಿದ್ದರು. ಬಿಳಿಗಡ್ಡದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಚಿಕ್ಕಮ್ಮನ ಮುಖ ಕುಂಕುಮವಾಯಿತು. "ಕೈ ಬಿಡಿ ಮರ್ರೆ! ಊರೆಲ್ಲ ಕಾಣ್ತಿತ್ತ್!"

ಚಿಕ್ಕಪ್ಪ ಹಿಡಿತ ಇನ್ನಷ್ಟು ಬಿಗಿಮಾಡಿ, ಪರದೆಯ ಕಡೆ ನೋಡದೆ ಹೇಳಿದರು:

"ನೀನ್ ಮೊದ್ಲು ಚೆಂಡು ಮಗಳ ಕೈಗೆ ಬಿಡ್. ಮತ್ತೆ ನಾನ್ ಕೈ ಬಿಡ್ತೆ."